ಅರ್ಧಬೆರಳಕ್ಕನ ಟೂ ಸ್ಟ್ರೋಕ್

ಭೂಮಿ ಇಷ್ಟು ಕೋಟಿ ವರ್ಷ ಸೂರ್ಯನಿಗೆ ಮೈ ತಗುಲಿಸದೆ ಸುತ್ತುತ್ತಿರುವುದಕ್ಕೆ ವಿಜ್ಞಾನಿಗಳು ಏನೇನೋ ಕಾರಣ ಹೇಳುತ್ತಾರೆ. ಅರ್ಧಬೆರಳಕ್ಕನ ಬೀದಿಯವರು ಹೇಳುವುದು ಒಂದೇ ಕಾರಣ. ಸೃಷ್ಟಿಕರ್ತ ಅಳತೆ ತೆಗೆಯಲು ಅರ್ಧಬೆರಳಕ್ಕನನ್ನು ಕರೆಸಿಕೊಂಡಿರಬೇಕು. ಅವಳು ಬೇಕಾದಷ್ಟು ಜಾಗ ಬಿಟ್ಟು, ಆಮೇಲೆ ಅಭ್ಯಾಸಬಲದಿಂದ ಇನ್ನೊಂದು ಅರ್ಧ ಬೆರಳು ಬಿಟ್ಟಿರಬೇಕು. ಆ ಅರ್ಧ ಬೆರಳಿನ ದಯೆಯಿಂದ ನಾವೆಲ್ಲ ಬೇಯದೆ ಉಳಿದಿದ್ದೇವೆ.

ಅರ್ಧಬೆರಳಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ನಡು ಸವೆದು ತಗ್ಗಾದ ಒಂದು ಉದ್ದ ಮೇಜು, ಮೊಳೆಗೆ ನೇತುಹಾಕಿದ ದೊಡ್ಡ ಕತ್ತರಿ. ಬಟ್ಟೆ ಕತ್ತರಿಸುವಾಗ ಸೀಮೆಸುಣ್ಣದ ಗೆರೆಯ ಆಚೆಗೆ ಸ್ವಲ್ಪ ಬಟ್ಟೆ ಬಿಡುವುದು, ಅದನ್ನು ಹೊಲಿಗೆಯ ಒಳಗೆ ಮಡಚಿಡುವುದು ಎಲ್ಲ ದರ್ಜಿಗಳೂ ಮಾಡುವ ಕೆಲಸವೇ. ನಾಳೆ ಗಿರಾಕಿಯ ಮೈ ಬೆಳೆದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು. ಬೇರೆಯವರಿಗೆ ಇದು ಕಸುಬು, ಇವಳಿಗೆ ಧರ್ಮ. ಗೆರೆಯಾಚೆ ಕಡ್ಡಾಯವಾಗಿ ಅರ್ಧ ಬೆರಳು. ಶಾಲೆಯ ಹೆಡ್ ಮಾಸ್ತರು ಕೆಲಸಕ್ಕೆ ಸೇರಿದ ದಿನ ಹೊಲಿಸಿದ ಪ್ಯಾಂಟನ್ನೇ ನಿವೃತ್ತಿಯ ದಿನವೂ ಹಾಕಿಕೊಂಡು ಬಂದರಂತೆ. ನಡುವಿನ ಮೂವತ್ತು ವರ್ಷಗಳಲ್ಲಿ ಅವರ ಹೊಟ್ಟೆ ಒಂದು ಜಿಲ್ಲೆಯಷ್ಟು ಬೆಳೆದಿತ್ತು. ಪ್ಯಾಂಟು ಮಾತ್ರ ತುಟಿ ಪಿಟಕ್ಕೆನ್ನದೆ ಜೊತೆಗೇ ಬೆಳೆದಿತ್ತು. ಅವಳು ಲೋಟಕ್ಕೆ ಚಹಾ ಸುರಿದರೆ ಅಂಚಿನಿಂದ ಅರ್ಧ ಬೆರಳು ಕೆಳಗೆ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಅರ್ಧ ಬೆರಳು ಮುಂದೆ. ಹಾಗಾಗಿ ಆ ಮನೆಯಲ್ಲಿ ಎಲ್ಲವೂ ಊರಿಗಿಂತ ಮೂರು ನಿಮಿಷ ಮೊದಲೇ ಆಗುತ್ತದೆ.

"ಮದುವೇಲೂ ಅರ್ಧ ಬೆರಳು ಬಿಟ್ಟಿದಾಳಪ್ಪ," ಎನ್ನುತ್ತಾನೆ ಅವಳ ಗಂಡ. "ಅದಕ್ಕೇ ನನಗೆ ಇನ್ನೂ ಉಸಿರಾಡೋಕೆ ಜಾಗ ಇದೆ."

ಗಂಡನನ್ನು ಬೀದಿಯವರು ಕರೆಯುವುದು ಮೀಟರಣ್ಣ ಎಂದು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮನೆ ಮನೆಯ ಮೀಟರು ಓದಿದವನು. ಎಲ್ಲರ ಅಂಗಳದಲ್ಲೂ ಬಗ್ಗಿ, ಕಲ್ಲಿನ ಮುಚ್ಚಳ ಎತ್ತಿ, ಜೇಡ ಓಡಿಸಿ, ಮುಳ್ಳು ನೋಡಿದವನು. ನಿವೃತ್ತನಾದ ಮೇಲೆ ಅವನಿಗೆ ಜೀವನದಲ್ಲಿ ಉಳಿದಿದ್ದ ಆಸೆ ಒಂದೇ. ಹಿತ್ತಲ ಜಗಲಿಯಲ್ಲಿ ಆರಾಮ ಕುರ್ಚಿ ಹಾಕಿಕೊಂಡು, ಇನ್ನು ಬಗ್ಗದೆ, ನೆಟ್ಟಗೆ ಕೂರುವುದು. ಆ ಆಸೆ ನೆರವೇರಿದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಒಂದು ತಳ್ಳುಗಾಡಿ ಹಿತ್ತಲಿಗೆ ಬಂತು. ಗಾಡಿಯ ಮೇಲೆ ಒಂದು ಅಸ್ಥಿಪಂಜರ ಮಲಗಿತ್ತು.

"ಏನೇ ಇದು?"

"ಬೈಕು ಕಣ್ರೀ."

"ಯಾವಾಗ ತೀರಿಕೊಂಡಿತು?"

ಅದೊಂದು ಹಳೆಯ ಡರ್ಟ್ ಬೈಕು. ಟಾರು ರಸ್ತೆಗಲ್ಲ, ಕಲ್ಲು ಮಣ್ಣಿನಲ್ಲಿ ಹಾರುತ್ತ ಓಡಲು ಹುಟ್ಟಿದ್ದು. ಎತ್ತರದ ಸೀಟು, ಮುಳ್ಳುಮುಳ್ಳಾದ ಟಯರು, ನವಿಲಿನ ಹಾಗೆ ಮೇಲಕ್ಕೆ ಎತ್ತಿದ ಹಿಂದಿನ ಮಡ್‌ಗಾರ್ಡು. ಈಗ ಅದರ ಸೀಟಿನೊಳಗೆ ಇಲಿಯ ಮೂರು ತಲೆಮಾರು ವಾಸವಾಗಿತ್ತು. ಟ್ಯಾಂಕು ಅಲ್ಲಾಡಿಸಿದರೆ ತುಕ್ಕು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಬೈಕ್ ಕ್ಲಬ್ಬಿನವರು ಶೆಡ್ಡು ಖಾಲಿ ಮಾಡುವಾಗ ಹೊರಗೆ ಎಸೆಯಲು ಹೊರಟಿದ್ದನ್ನು ಇವಳು ಕೇಳಿ ತಂದಿದ್ದಳು.

ಕ್ಲಬ್ಬಿಗೂ ಅವಳಿಗೂ ಏನು ಸಂಬಂಧ ಎಂದರೆ, ಊರಾಚೆ ಕೈಬಿಟ್ಟ ಕಲ್ಲುಕ್ವಾರಿಯ ಪಕ್ಕ ಒಂದು ಗುಡ್ಡವಿದೆ. ಮುಖದಿಂದ ಮೂಗು ಎದ್ದಂತೆ ನೆಲದಿಂದ ಎದ್ದಿರುವುದರಿಂದ ಅದರ ಹೆಸರೇ ಮೂಗು. ಭಾನುವಾರ ಬೈಕಿನವರು ಅದನ್ನು ಹತ್ತಲು ಬರುತ್ತಾರೆ. ತುದಿಗೆ ಇನ್ನೇನು ನಾಲ್ಕು ಮಾರು ಇರುವಾಗ ಒಂದು ತಿರುವು. ಅಲ್ಲಿ ಎಲ್ಲರೂ ಬೀಳುತ್ತಾರೆ. ಗುಡ್ಡದ ಬುಡದಲ್ಲಿ, ಟಾರ್ಪಾಲಿನ ನೆರಳಿನಲ್ಲಿ, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಇಟ್ಟುಕೊಂಡು ಇಪ್ಪತ್ತೇಳು ವರ್ಷದಿಂದ ಪ್ರತಿ ಭಾನುವಾರ ಕೂತಿದ್ದವಳು ಅರ್ಧಬೆರಳಕ್ಕ. ಹರಿದ ಮೊಣಕಾಲು, ಕಿತ್ತ ಭುಜ, ಮಾಯವಾದ ಹಿಂಬದಿ, ಎಲ್ಲಕ್ಕೂ ತೇಪೆ ಹಾಕಿ ಮತ್ತೆ ಮೇಲಕ್ಕೆ ಕಳಿಸುತ್ತಿದ್ದಳು. ಯಾವ ಸವಾರ ಯಾವ ಕಡೆಗೆ ಬೀಳುತ್ತಾನೆ ಎಂಬುದು ಅವನಿಗಿಂತ ಮೊದಲು ಅವನ ಪ್ಯಾಂಟಿಗೆ ಗೊತ್ತಿರುತ್ತಿತ್ತು, ಪ್ಯಾಂಟಿಗಿಂತ ಮೊದಲು ಅವಳಿಗೆ. ಕ್ಲಬ್ಬಿನ ಚಾಂಪಿಯನ್ನನಿಗೆ ಮೊಣಕೈ ಎಂದು ಹೆಸರಿಟ್ಟವಳೂ ಅವಳೇ. ಅವನು ಯಾವಾಗಲೂ ಎಡ ಮೊಣಕೈಯನ್ನೇ ಹರಿದುಕೊಂಡು ಬರುತ್ತಿದ್ದ.

ಇಪ್ಪತ್ತೇಳು ವರ್ಷ ಅವಳು ಮೂಗನ್ನು ಕೆಳಗಿನಿಂದ ನೋಡಿದ್ದಳು. ತುದಿಯಿಂದ ಒಮ್ಮೆಯೂ ಅಲ್ಲ.

"ಅಷ್ಟೇ ತಾನೆ?" ಎಂದ ಮೀಟರಣ್ಣ. "ಹಿಂದಗಡೆ ಕಾಲುದಾರಿ ಇದೆ. ನಡೀ, ಈಗಲೇ ಹತ್ತಿಸ್ತೀನಿ. ಒಂದು ಬಾಟ್ಲಿ ನೀರು ತಗೋ."

"ಹೊಲಿದ ಅಂಗೀನ ಕೈಯಲ್ಲಿ ಹಿಡಿದು ನೋಡೋದು ಬೇರೆ, ಹಾಕ್ಕೊಂಡು ನೋಡೋದು ಬೇರೆ," ಎಂದಳು ಅವಳು.

ಆರಾಮ ಕುರ್ಚಿ ಅಡುಗೆಮನೆಯ ಮೂಲೆಗೆ ಹೋಯಿತು.

ಮೊದಲ ದಿನವೇ ಅವಳು ಎರಡು ಕೆಲಸ ಮಾಡಿದಳು. ಒಂದು, ಟೇಪು ಹಿಡಿದು ತನ್ನ ಸೊಂಟವನ್ನು ತಾನೇ ಅಳೆದುಕೊಂಡು, ದಪ್ಪ ಕ್ಯಾನ್ವಾಸಿನಲ್ಲಿ ಸವಾರಿಯ ಪ್ಯಾಂಟೊಂದನ್ನು ಹೊಲಿದು, ಇಸ್ತ್ರಿ ಹಾಕಿ, ಬೀರುವಿನಲ್ಲಿಟ್ಟಳು. ಎಲ್ಲ ಕಡೆ ಅರ್ಧ ಬೆರಳು ಬಿಟ್ಟಿದ್ದಳು ಎಂದು ಬೇರೆ ಹೇಳಬೇಕಾಗಿಲ್ಲ. ಬೈಕಿಗೆ ಇನ್ನೂ ಜೀವ ಬಂದಿರಲಿಲ್ಲ, ಸವಾರಳ ಉಡುಪು ತಯಾರಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುವುದು ಸುಲಭ. ಆದರೆ ಕುಲಾವಿ ಹೊಲಿದವಳು ಕೂಸನ್ನು ಹುಟ್ಟಿಸದೆ ಬಿಡುವುದಿಲ್ಲ ಎಂಬುದು ಮೀಟರಣ್ಣನಿಗೆ ಗೊತ್ತಿತ್ತು.

ಎರಡನೆಯದು, ಜಗಲಿಯ ಮೇಲೆ ಹಳೆ ಚಾದರ ಹಾಸಿ ಬೈಕನ್ನು ಬಿಚ್ಚಲು ಶುರು ಮಾಡಿದಳು. ಬಿಚ್ಚಿದ ಒಂದೊಂದು ಭಾಗಕ್ಕೂ ಗಿರಾಕಿಗಳ ಬಟ್ಟೆಗೆ ಕಟ್ಟುವ ಚೀಟಿಯನ್ನೇ ದಾರದಲ್ಲಿ ಕಟ್ಟಿದಳು. ಅದರ ಮೇಲಿನ ಬರಹವೂ ಅದೇ ಧಾಟಿ. ಹ್ಯಾಂಡಲ್ಲಿಗೆ "ತೋಳು", ಹೆಡ್‌ಲೈಟಿನ ಪಟ್ಟಿಗೆ "ಕಾಲರ್", ಸೈಲೆನ್ಸರಿಗೆ "ಹಿಂಭಾಗ, ತುರ್ತು".

ಸೈಲೆನ್ಸರನ್ನು ನೋಡಿ ಮೂಗು ಮುರಿದವನು ಅವಳ ಸ್ವಂತ ತಮ್ಮ. ಊರಿನಲ್ಲಿ ಹೆಸರುವಾಸಿಯಾದ ಗ್ಯಾರೇಜು ಅವನದು. ಕೈ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಶಾಲಿನ ಹಾಗೆ ಹೊದ್ದು ಓಡಾಡುವವನು. ಇಂಜಿನ್ನಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇನ್ನೂ ತಯಾರಾಗಿಲ್ಲ ಎಂಬುದು ಅವನ ನಂಬಿಕೆ.

"ಅಕ್ಕಾ, ಇದು ಟೂ ಸ್ಟ್ರೋಕು," ಎಂದ. "ನಿನ್ನ ಹೊಲಿಗೆ ಮೆಷಿನ್ ಅಲ್ಲ. ಇದಕ್ಕೆ ಪೆಟ್ರೋಲಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕು. ಹೆಚ್ಚಾದ್ರೆ ಹೊಗೆ, ಕಮ್ಮಿಯಾದ್ರೆ ಪಿಸ್ಟನ್ ಕಚ್ಕೊಳ್ಳುತ್ತೆ."

"ಕೆಮ್ಮಿನ ಔಷಧಿ ಮುಚ್ಚಳದಲ್ಲಿ ಅಳೆದು ಹಾಕ್ತೀನಿ. ನಿನಗೂ ಚಿಕ್ಕವನಿದ್ದಾಗ ಅದರಲ್ಲೇ ಹಾಕಿದ್ದು. ನೀನು ಕಚ್ಕೊಂಡ್ಯಾ?"

"ಭಾವ, ನೀವಾದ್ರೂ ಹೇಳಿ."

"ನಾನು ಲೈಟ್ ಹಿಡಿಯೋನಪ್ಪ," ಎಂದ ಮೀಟರಣ್ಣ.

ಅದು ಸುಳ್ಳಲ್ಲ. ಬೈಕು ಹೊಸ ಜನ್ಮ ಎತ್ತಿದ ನಾಲ್ಕು ತಿಂಗಳಲ್ಲಿ ಅವನ ಅಧಿಕೃತ ಹುದ್ದೆ ಬ್ಯಾಟರಿ ದೀಪ ಹಿಡಿಯುವುದು. ಅದಲ್ಲದೆ ಒಂದು ಮಹಾಕಾರ್ಯವೂ ಅವನ ಪಾಲಿಗೆ ಬಂತು. ಟ್ಯಾಂಕಿನ ಒಳಗಿನ ತುಕ್ಕು ಉದುರಿಸಲು ಅವಳು ಒಂದು ಹಿಡಿ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಒಳಗೆ ಹಾಕಿ, ಮುಚ್ಚಳ ಬಿಗಿದು, "ಅಲ್ಲಾಡಿಸ್ತಾ ಇರಿ" ಎಂದು ಅವನ ತೊಡೆಯ ಮೇಲಿಟ್ಟು ಅಂಗಡಿಗೆ ಹೋದಳು. ಅವನು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಟ್ಯಾಂಕು ಅಲ್ಲಾಡಿಸಿದ. ಗಡಗಡಗಡ ಸದ್ದಿಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಹಾಕಿ, "ಮೊಮ್ಮಗು ಬಂದಿದೆಯಾ?" ಎಂದು ಕೇಳಿದರು. ಊಟಕ್ಕೆ ಕೂತಾಗ ಅವನ ಕೈಯಲ್ಲಿದ್ದ ತುತ್ತು ಬಾಯಿ ಸಿಗದೆ ಕಿವಿಯ ಕಡೆಗೆ ಹೊರಟಿತ್ತು.

ಅವಳು ಮಾತ್ರ ಹೊಲಿಗೆಯ ಕೈಯಿಂದಲೇ ಎಲ್ಲವನ್ನೂ ಗೆದ್ದಳು. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಟಿಂಗ್ ಟಿಂಗ್ ಎಂದು ಬಡಿದು, ದಾರದ ಬಿಗಿ ನೋಡುವ ಹಾಗೆ ಒಂದೊಂದನ್ನೂ ಹದಕ್ಕೆ ತಂದಳು. ಸೀಟಿಗೆ ಇಮ್ಮಡಿ ಹೊಲಿಗೆ ಹಾಕಿದಳು. ಸವೆದ ಪಿಸ್ಟನ್ನಿನ ಬದಲು ಹೊಸದು ತರಿಸಿ ಕೂರಿಸಿದಳು. ಬೈಕು ಒಂದು ರೂಪಕ್ಕೆ ಬಂದ ಮೇಲೆ ದಿನಾ ಬೆಳಿಗ್ಗೆ ಕಿಕ್ಕರ್ ಒದೆಯತೊಡಗಿದಳು. ಐವತ್ತು ಒದೆತ, ಒಂದು ಲೋಟ ಚಹಾ, ಮತ್ತೆ ಐವತ್ತು ಒದೆತ. ಬೈಕು ಕೆಲವೊಮ್ಮೆ ತಿರುಗಿ ಒದೆಯುತ್ತಿತ್ತು. ಅವಳೂ ಬಿಡಲಿಲ್ಲ. ಇವರಿಬ್ಬರ ಜಗಳದಲ್ಲಿ ಬಡವಾಗುತ್ತಿರುವವರು ಯಾರು ಎಂಬುದನ್ನು ಮೀಟರಣ್ಣ ಗಮನಿಸಲಿಲ್ಲ. ಬೇರೆಯವರ ಮೈಯನ್ನು ಕಣ್ಣಲ್ಲೇ ಅಳೆಯುವ ಅವಳೂ ಗಮನಿಸಲಿಲ್ಲ.

ಸವಾರಿ ಅವಳಿಗೆ ಹೊಸದಲ್ಲ. ಬಟ್ಟೆ ಮುಟ್ಟಿಸಲು ಇಪ್ಪತ್ತು ವರ್ಷ ಸ್ಕೂಟರು ಓಡಿಸಿದವಳು. ಗುಡ್ಡದ ಬೈಕಿನ ಪಾಠವನ್ನು ಮೊಣಕೈ ತನ್ನ ಎರಡನೆಯ ಬೈಕಿನಲ್ಲಿ ಬಯಲಿನಲ್ಲಿ ಹೇಳಿಕೊಟ್ಟಿದ್ದ. ಅವನ ಬೋಧನೆಯ ಸಾರ ಇಷ್ಟೇ: "ಮೇಡಂ, ತಿರುವಿನಲ್ಲಿ ಸೀಟು ಬಿಟ್ಟು ಎದ್ದು ನಿಲ್ಲಬೇಕು. ಕೂತ್ರೆ ಬಿದ್ರಿ ಅಂತ ಲೆಕ್ಕ."

ಹೀಗೆ ಎಲ್ಲವೂ ನಿಧಾನವಾಗಿ, ಹದವಾಗಿ ನಡೆಯುತ್ತಿರುವಾಗ ಮೀಟರಣ್ಣ ಒಂದು ಸಂಜೆ ಹಳೆಯ ಕಚೇರಿಯ ಗೆಳೆಯರನ್ನು ಕಂಡು ಮುಖ ಸಣ್ಣದು ಮಾಡಿಕೊಂಡು ಬಂದ. ಹೆಂಡತಿ ಮೇಜಿನ ಬಳಿ ಗುಂಡಿ ಹಚ್ಚುತ್ತಿದ್ದಳು.

"ಇವಳೇ, ಒಂದು ಮಾತು."

"ಹೇಳಿ."

"ಮೂಗಿನ ಮೇಲೆ ನೀರಿನ ಟ್ಯಾಂಕ್ ಕಟ್ತಾರಂತೆ. ನಮ್ಮ ಕಚೇರಿಯವರೇ. ಮೂರು ವಾರ ಬಿಟ್ಟು ಸೋಮವಾರ ಯಂತ್ರ ಬಂದು ಗುಡ್ಡ ಕಡಿಯೋಕೆ ಶುರು ಮಾಡುತ್ತೆ. ಸುತ್ತ ಬೇಲಿ. ಆಮೇಲೆ ಒಂದು ಸೈಕಲ್ಲೂ ಬಿಡಲ್ಲ."

ಅವಳ ಸೂಜಿ ನಿಂತಿತು. ಇಪ್ಪತ್ತೇಳು ವರ್ಷದಲ್ಲಿ ಎಂದೂ ಓಡಿಹೋಗದ ಗುಡ್ಡ ಈಗ ಹೊರಟು ನಿಂತಿತ್ತು; ಅದೂ ಗಂಡನ ಕಚೇರಿಯ ಕೈ ಹಿಡಿದುಕೊಂಡು. ಮೀಟರಣ್ಣನಿಗೆ ತಾನೇ ಗುದ್ದಲಿ ಹಿಡಿದ ಹಾಗಾಯಿತು.

"ಬೇಕಾದ್ರೆ ಅರ್ಜಿ ಬರೀತೀನಿ," ಎಂದ.

"ನೀರು ಬೇಡ ಅಂತ ಅರ್ಜಿ ಬರೆಯೋಕಾಗುತ್ತಾ?" ಎಂದಳು ಅವಳು. ದಾರವನ್ನು ಹಲ್ಲಲ್ಲಿ ಕಡಿದಳು. "ಮೂರು ಭಾನುವಾರ ಇದೆಯಲ್ಲ. ಮೊದಲನೇದರಲ್ಲಿ ಸ್ಟಾರ್ಟ್ ಆಗುತ್ತೆ, ಎರಡನೇದರಲ್ಲಿ ಪಳಗುತ್ತೆ, ಮೂರನೇದರಲ್ಲಿ ಹತ್ತುತ್ತೆ."

ಹೇಳಿದ್ದು ಹೀಗೆ. ಆದರೆ ಅವಸರ ಒಳಗೆ ಹೊಕ್ಕಿತ್ತು. ಅದಕ್ಕೆ ಸಾಕ್ಷಿಯನ್ನು ಮೀಟರಣ್ಣ ಮರುದಿನವೇ ಕಣ್ಣಾರೆ ಕಂಡ.

ಇಂಜಿನ್ನಿನ ಎರಡು ಲೋಹದ ಭಾಗಗಳು ಕೂಡುವ ಕಡೆ ಗಾಳಿ ಸೋರದಂತೆ ನಡುವೆ ದಪ್ಪ ಕಾಗದದ ತುಂಡೊಂದನ್ನು ಇಡುತ್ತಾರೆ. ಗ್ಯಾರೇಜಿನವರು ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ಈ ಬೈಕಿನ ಪ್ಯಾಕಿಂಗುಗಳು ಯಾವ ಅಂಗಡಿಯಲ್ಲೂ ಇರಲಿಲ್ಲ. ಅದನ್ನು ತಯಾರಿಸಿದವರೇ ಆ ಮಾದರಿಯನ್ನು ಮರೆತು ಎಷ್ಟೋ ಕಾಲವಾಗಿತ್ತು. ಮಿಕ್ಕವನ್ನೆಲ್ಲ ತಮ್ಮ ತನ್ನ ಗ್ಯಾರೇಜಿನಲ್ಲಿ ಕೊರೆದುಕೊಟ್ಟಿದ್ದ. ಒಂದು ಮಾತ್ರ ಉಳಿದಿತ್ತು; ಅದರ ಹಳೆಯ ಹರಕು ತುಂಡಿನಲ್ಲಿ ಗಾಳಿ ಸೋರಿಯೇ ಇಷ್ಟು ದಿನ ಒದ್ದರೂ ಬೈಕು ಎದ್ದಿರಲಿಲ್ಲ. ಕಾರ್ಬೊರೇಟರಿನಿಂದ ಇಂಜಿನ್ನಿಗೆ ಪೆಟ್ರೋಲು ಗಾಳಿ ಹೋಗುವ ರಬ್ಬರ್ ಕೊಳವೆಯ ಬುಡದ್ದು. "ಅದೇನು ಮಹಾ, ನಡುವೆ ಒಂದು ತೂತು, ಅಂಚಲ್ಲಿ ನಾಲ್ಕು ತೂತು. ನಾನೇ ಕತ್ತರಿಸ್ತೀನಿ," ಎಂದು ಅವಳು ಪ್ಯಾಕಿಂಗ್ ಕಾಗದವನ್ನು ಮೇಜಿನ ಮೇಲೆ ಹರಡಿ, ಲೋಹದ ಬಾಯಿಯನ್ನು ಅದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊಳೆಯಿಂದ ದೊಡ್ಡ ಕತ್ತರಿ ತೆಗೆದಳು.

ಮೀಟರಣ್ಣ ಹಿಡಿದಿದ್ದ ಬ್ಯಾಟರಿಯ ಬೆಳಕು ಕಾಗದ ಬಿಟ್ಟು ಗೋಡೆ ಹತ್ತಿತು. ಬಟ್ಟೆಯ ಕತ್ತರಿ ಕಾಗದವನ್ನು ಮುಟ್ಟಬಾರದು, ಮುಟ್ಟಿದರೆ ಮೊಂಡಾಗುತ್ತದೆ. ಇದು ಆ ಮನೆಯ ಸಂವಿಧಾನದ ಮೊದಲ ಪುಟ. ಮದುವೆಯಾದ ಹೊಸತರಲ್ಲಿ ಅವನು ಆ ಕತ್ತರಿಯಿಂದ ಪೇಪರಿನ ಪದಬಂಧ ಕತ್ತರಿಸಿಕೊಂಡು ಮೂರು ದಿನ ಮಾತಿಲ್ಲದ ಮನೆಯಲ್ಲಿ ಬಾಳಿದ್ದ.

"ಇವಳೇ, ಅದು ಬಟ್ಟೆ ಕತ್ತರಿ!"

"ಗೊತ್ತು. ಬ್ಯಾಟರಿ ಸರಿಯಾಗಿ ಹಿಡೀರಿ."

ಕರಕರ ಎಂದು ಕತ್ತರಿಸಿಯೇಬಿಟ್ಟಳು. ಹೊರಗಿನ ಅಂಚು ಸ್ವಲ್ಪ ಜಾಸ್ತಿ ಉಳಿದಿತ್ತು. ಕೂರಿಸಿ ಬೋಲ್ಟು ಬಿಗಿದ ಮೇಲೆ ಅದನ್ನು ಸುತ್ತಲೂ ಕಂಡಷ್ಟು ಕತ್ತರಿಸಿ ಚೊಕ್ಕ ಮಾಡಿದಳು.

ಮೊದಲ ಭಾನುವಾರ ನೂರಾ ಹದಿನಾಲ್ಕನೆಯ ಒದೆತಕ್ಕೆ ಬೈಕು ಕೆಮ್ಮಿತು, ಸೀನಿತು, ಆಮೇಲೆ ರಿಂಗಿಣಿಣಿಣಿ ಎಂದು ಎದ್ದಿತು. ನೀಲಿ ಹೊಗೆ ಹಿತ್ತಲು ತುಂಬಿ, ಗೋಡೆ ಹಾರಿ, ಪಕ್ಕದ ಮನೆಯ ಒಣಗಿದ ಬಟ್ಟೆಗಳನ್ನೆಲ್ಲ ಮಾತಾಡಿಸಿ ಬಂತು. ಮೀಟರಣ್ಣ ಆ ಹೊಗೆಯಲ್ಲಿ ಕಣ್ಣೀರು ಒರೆಸಿಕೊಂಡ; ಎಷ್ಟು ಹೊಗೆಯದ್ದು, ಎಷ್ಟು ತನ್ನದು ಎಂದು ಮೀಟರಿನಿಂದಲೂ ಹೇಳಲಾಗುತ್ತಿರಲಿಲ್ಲ.

ಸಂತೋಷ ಬಯಲಿಗೆ ಹೋಗುವವರೆಗೆ ಮಾತ್ರ. ಬೈಕು ನಿಂತಲ್ಲಿ ಚೆನ್ನಾಗಿ ಓಡುತ್ತಿತ್ತು, ಮೆಲ್ಲಗೆ ಹೊರಟರೆ ಹೊರಡುತ್ತಿತ್ತು. ಎಕ್ಸಿಲರೇಟರ್ ತಿರುಗಿಸಿದರೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಗೊರಗೊರ ಎಂದು ಸೋಲುತ್ತಿತ್ತು. ಬಯಲಿನ ಅಂಚಿನಲ್ಲಿದ್ದ ಒಂದು ಗೇಣು ಎತ್ತರದ ದಿಬ್ಬದ ಮೇಲೆ ಹತ್ತದೆ ಹಿಂದಕ್ಕೆ ಜಾರಿ ಬಂತು. ದಿಬ್ಬ ಹತ್ತದ್ದು ಮೂಗು ಹತ್ತೀತೆ?

ತಮ್ಮ ಹೆಗಲ ಬಟ್ಟೆ ಕೊಡವಿ ರಂಗಕ್ಕಿಳಿದ. "ಕಾರ್ಬೊರೇಟರ್," ಎಂದ. ಬಿಚ್ಚಿ, ಊದಿ, ಕೂರಿಸಿದ. ಗೊರಗೊರ. "ಹಾಗಾದ್ರೆ ಪ್ಲಗ್," ಎಂದ. ಹೊಸದು ಹಾಕಿದ. ಗೊರಗೊರ. "ಕಿಡಿ ಹೊತ್ತಿಸೋ ಕಾಯಿಲ್ಲೇ ಇರಬೇಕು, ಮೊದಲೇ ಹೇಳಿದ್ನಲ್ಲ," ಎಂದ. ಯಾರೂ ಕೇಳಿಸಿಕೊಂಡಿರಲಿಲ್ಲ, ಆದರೂ ಬದಲಾಯಿಸಿದರು. ಎರಡನೆಯ ಭಾನುವಾರ ಹೀಗೆ ಕಳೆಯಿತು. ಆ ವಾರ ಅವನು ಕಾರ್ಬೊರೇಟರನ್ನು ಮತ್ತೆರಡು ಸಲ ಬಿಚ್ಚಿದ. ಕೊನೆಯ ಭಾನುವಾರಕ್ಕೆ ಒಂದೇ ದಿನ ಬಾಕಿ ಇದ್ದಾಗ, ಶನಿವಾರ ಮಧ್ಯಾಹ್ನ, ಸ್ಪ್ಯಾನರನ್ನು ಚಾದರದ ಮೇಲೆ ಇಟ್ಟು ಕೈ ಒರೆಸಿಕೊಂಡ.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಇದರ ಆಯಸ್ಸು ಮುಗೀತು. ನನ್ನ ಕೈಯಲ್ಲಿ ಆಗಿಲ್ಲ ಅಂದ್ರೆ ಇದನ್ನ ಮಾಡಿದೋನ ಕೈಯಲ್ಲೂ ಆಗಲ್ಲ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಅರ್ಧಬೆರಳಕ್ಕ ಜಗಲಿಯ ಮೆಟ್ಟಿಲ ಮೇಲೆ ಕೂತು, ಬೈಕನ್ನು ನೋಡುತ್ತ, ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು ಮಾಡತೊಡಗಿದಳು. ಅವಳು ಅಳತೆಯಿಲ್ಲದೆ ಟೇಪು ಮುಟ್ಟಿದ್ದನ್ನು ಮೀಟರಣ್ಣ ಅಂದಿನವರೆಗೆ ನೋಡಿರಲಿಲ್ಲ. ಅವನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಇಂಜಿನ್ನಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಆದ್ದರಿಂದ ಗೊತ್ತಿದ್ದದ್ದನ್ನೇ ಹೇಳಿದ.

"ಇದರ ಕಂಪ್ಲೇಂಟು ನೋಡಿದ್ರೆ ನನಗೆ ಆ ಡಾಕ್ಟರ ಮನೆ ನಲ್ಲಿ ನೆನಪಾಗುತ್ತೆ."

"ಭಾವ, ಇದು ಬೈಕು," ಎಂದ ತಮ್ಮ.

"ಅಲ್ಲಪ್ಪ, ಕೇಳು. ನಲ್ಲಿ ಸಣ್ಣಗೆ ಬಿಟ್ರೆ ನೀರು ಸರಿಯಾಗಿ ಬರೋದು. ಪೂರ್ತಿ ತಿರುಗಿಸಿದ್ರೂ ಅಷ್ಟೇ ಬರೋದು. ಅವರು ಪೈಪು ಬದಲಾಯಿಸಿದ್ರು, ಟ್ಯಾಂಕ್ ತೊಳೆಸಿದ್ರು, ಮೀಟರೇ ಸರಿಯಿಲ್ಲ ಅಂತ ನನ್ನ ಮೇಲೆ ದೂರು ಬೇರೆ ಕೊಟ್ರು. ಕೊನೆಗೆ ನೋಡಿದ್ರೆ ಏನೂ ಇಲ್ಲ. ಹೊಸ ವಾಷರ್ ಹಾಕಿದ್ರಲ್ಲ, ಅದರ ತೂತು ಚಿಕ್ಕದು. ಪೈಪು ದೊಡ್ಡದಿದ್ರೆ ಏನು ಬಂತು, ನಡುವೆ ಇರೋ ವಾಷರ್ ಬಿಟ್ಟಷ್ಟೇ ತಾನೆ ಬರೋದು."

"ಇದರಲ್ಲಿ ವಾಷರ್ ಎಲ್ಲಿದೆ ಭಾವ?" ಎಂದು ತಮ್ಮ ನಕ್ಕ. ಹಿತ್ತಲ ಗಿಡ ಮದ್ದಲ್ಲವಲ್ಲ.

ಅವನ ಅಕ್ಕ ನಗಲಿಲ್ಲ. ಟೇಪು ಸುತ್ತುತ್ತಿದ್ದ ಬೆರಳು ನಿಂತಿತ್ತು. ಅವಳು ತನ್ನ ಬಲಗೈಯನ್ನು, ಕತ್ತರಿ ಹಿಡಿಯುವ ಕೈಯನ್ನು, ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಆ ಕೊಳವೆ ಬುಡದ ಪ್ಯಾಕಿಂಗ್ ಯಾವತ್ತಾದ್ರೂ ಬಿಚ್ಚಿದ್ಯೇನೋ?"

"ಅದನ್ನ್ಯಾಕೆ ಬಿಚ್ಚಲಿ? ಅದು ಕೆಡೋ ಜಾಗ ಅಲ್ಲ."

"ಬಿಚ್ಚು."

ನಾಲ್ಕು ಬೋಲ್ಟು ಬಿಚ್ಚಿಕೊಂಡವು. ಕೊಳವೆ ಕೈಗೆ ಬಂತು. ಮೀಟರಣ್ಣ ಹುದ್ದೆಗೆ ತಕ್ಕಂತೆ ಬ್ಯಾಟರಿಯ ಬೆಳಕು ಬಿಟ್ಟ. ಬೆಳಕಿನಲ್ಲಿ ಕಂಡದ್ದನ್ನು ಮೂವರೂ ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಇಂಜಿನ್ನಿನ ಬಾಯಿ ಒಂದು ಬಾಗಿಲಿನಷ್ಟು ತೆರೆದಿದ್ದರೆ, ಅದಕ್ಕೆ ಅಡ್ಡಲಾಗಿ ಕಾಗದದಲ್ಲಿ ಒಂದು ಕಿಟಕಿಯಷ್ಟೇ ಜಾಗವಿತ್ತು. ಸೀಮೆಸುಣ್ಣದ ಗೆರೆ ಇನ್ನೂ ಕಾಣುತ್ತಿತ್ತು. ಗೆರೆಯಿಂದ ಒಳಕ್ಕೆ, ಸುತ್ತಲೂ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ, ಅರ್ಧ ಬೆರಳು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಎರಡು ವಾರ ಊರೆಲ್ಲ ಹುಡುಕಿದ್ದರು.

"ಅಕ್ಕಾ," ಎಂದ ತಮ್ಮ. "ಯಾಕೆ?"

"ಬಟ್ಟೆ ಕತ್ತರಿ ಕಣೋ. ಅದು ಕೈಗೆ ಬಂದ್ರೆ ಕೈ ನನ್ನ ಮಾತು ಕೇಳಲ್ಲ." ಅವಳು ಹಣೆ ಚಚ್ಚಿಕೊಂಡಳು. "ಇಂಜಿನ್ ಏನು ದಪ್ಪ ಆಗುತ್ತಾ, ನಾಳೆ ಬಿಚ್ಚಿ ಅಗಲ ಮಾಡೋಕೆ!"

ಮೊದಲು ನಕ್ಕವಳೂ ಅವಳೇ. ಆಮೇಲೆ ಮೂವರೂ ಚಾದರದ ಮೇಲೆ ಕೂತು, ಪಕ್ಕದ ಮನೆಯವರು ಮತ್ತೆ ಗೋಡೆಯ ಮೇಲಿಂದ ತಲೆ ಹಾಕುವಷ್ಟು ನಕ್ಕರು. ಹೊಸ ಪ್ಯಾಕಿಂಗನ್ನು ಅವಳೇ ಕತ್ತರಿಸಿದಳು, ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯಿಂದ. ಗೆರೆಯ ಮೇಲೇ. ಗೆರೆಯ ಮೇಲೆ ಕತ್ತರಿಸುವಾಗ ಅವಳ ಮುಖ ಹಲ್ಲು ಕೀಳಿಸಿಕೊಳ್ಳುವವರ ಮುಖದಂತಿತ್ತು. ಸಂಜೆ ಬಿಸಿಲಿನಲ್ಲಿ ಬಯಲಿಗೆ ಒಯ್ದು ಎಕ್ಸಿಲರೇಟರ್ ತಿರುಗಿಸಿದಾಗ ಬೈಕು ಗೊರಗೊರ ಎನ್ನಲಿಲ್ಲ. ಕಿರುಚಿತು. ಗೇಣು ಎತ್ತರದ ದಿಬ್ಬ ಕಾಲ ಕೆಳಗೆ ಬಂದು ಹೋದದ್ದು ಅದಕ್ಕೆ ಗೊತ್ತೂ ಆಗಲಿಲ್ಲ.

"ನಾನು ಹೇಳಿದ್ನಲ್ಲ, ಉಸಿರಾಟದ್ದೇ ತೊಂದರೆ ಅಂತ," ಎಂದ ತಮ್ಮ.

ಭಾನುವಾರ ಬೆಳಿಗ್ಗೆ ಮೂಗಿನ ಬುಡದಲ್ಲಿ ಜಾತ್ರೆಯಷ್ಟು ಜನ. ಕೊನೆಯ ದಿನ ಎಂದು ಹಳೆಯ ಸವಾರರೂ ಬಂದಿದ್ದರು. ಕೆಲವರು ಅವಳೇ ಹಾಕಿದ ತೇಪೆಗಳನ್ನು ಪದಕಗಳಂತೆ ಧರಿಸಿ ಬಂದಿದ್ದರು. ಆ ದಿನ ಮೊದಲ ಬಾರಿಗೆ ಟಾರ್ಪಾಲಿನ ಕೆಳಗೆ ಹೊಲಿಗೆ ಯಂತ್ರದ ಮುಂದೆ ಯಾರೂ ಇರಲಿಲ್ಲ. ಸೂಜಿ, ಪಿನ್ನುಗಳ ಡಬ್ಬಿಯನ್ನು ಅವಳು ಗಂಡನ ಕೈಗೆ ಕೊಟ್ಟು, "ಇದನ್ನ ನೋಡ್ಕೊಳ್ಳಿ, ಬಿದ್ದಾಗ ಚುಚ್ಚುತ್ತೆ," ಎಂದಿದ್ದಳು.

"ಬೀಳಲ್ಲ ಅನ್ನು," ಎಂದ ಅವನು.

"ಬೀಳಲ್ಲ. ಆದ್ರೂ ಅರ್ಧ ಬೆರಳು ಇರಲಿ."

ನಾಲ್ಕು ತಿಂಗಳ ಹಿಂದೆ ಹೊಲಿದಿಟ್ಟ ಪ್ಯಾಂಟು, ಮೊಣಕೈ ಕೊಟ್ಟ ಅವನ ಹಳೆಯ ಹೆಲ್ಮೆಟ್ಟು. ಬೈಕಿನ ಕಡೆಗೆ ನಡೆದು ಹೋಗುವಾಗ ಅವಳು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡಿದ್ದಳು. ಯುದ್ಧಕ್ಕೆ ಹೊರಟ ಸೇನಾಪತಿಯ ನಡಿಗೆ ಎನ್ನಿಸಿ ಮೀಟರಣ್ಣನ ಮೈ ಜುಮ್ಮೆಂದಿತು.

ಒಂದೇ ಒದೆತ. ನೀಲಿ ಹೊಗೆ. ಆಮೇಲೆ ನಡೆದದ್ದನ್ನು ಆ ಊರಿನವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಎಲ್ಲರೂ ಒಪ್ಪುವುದು ಇಷ್ಟು. ಬೇರೆಯವರು ಗುಡ್ಡದ ನಡುವಿನಲ್ಲಿ ಒಂದು ಗಳಿಗೆ ಎಕ್ಸಿಲರೇಟರ್ ಇಳಿಸಿ ದಾರಿ ನೋಡುತ್ತಾರೆ, ಅವಳು ಇಳಿಸಲಿಲ್ಲ. ಮೊಣಕಾಲುಗಳಿಂದ ಟ್ಯಾಂಕನ್ನು ಇಕ್ಕಳದಂತೆ ಹಿಡಿದಿದ್ದಳು. ಕಲ್ಲುಗಳು ಹಿಂದಕ್ಕೆ ಚಿಮ್ಮಿ ಕೆಳಗಿದ್ದವರು ತಲೆ ಮುಚ್ಚಿಕೊಂಡರು. ತಿರುವು ಬಂತು.

"ಎದ್ದು ನಿಲ್ಲಿ ಮೇಡಂ! ಎದ್ದು ನಿಲ್ಲಿ!" ಎಂದು ಮೊಣಕೈ ಕೂಗಿದ.

ಅವಳು ಏಳಲಿಲ್ಲ. ಸೀಟಿಗೆ ಹೊಲಿದು ಬಿಟ್ಟಂತೆ ಕೂತಿದ್ದಳು. ಬೈಕಿನ ಹಿಂಬದಿ ಒಂದು ಸಲ ಎಡಕ್ಕೆ ಜಾರಿತು. ಮೀಟರಣ್ಣ ಕಣ್ಣು ಮುಚ್ಚಿಕೊಂಡ. ಪಿನ್ನಿನ ಡಬ್ಬಿ ಎದೆಗೆ ಒತ್ತಿಕೊಂಡ. ಕಣ್ಣು ಬಿಟ್ಟಾಗ ಗುಡ್ಡದ ಮೇಲೆ ಧೂಳು ಮಾತ್ರ ಇತ್ತು. ಧೂಳು ಇಳಿದಾಗ, ಮೂಗಿನ ತುದಿಯಲ್ಲಿ, ಆಕಾಶಕ್ಕೆ ಎದುರಾಗಿ, ಬೈಕಿನ ಪಕ್ಕದಲ್ಲಿ ನಿಂತಿದ್ದಳು ಅರ್ಧಬೆರಳಕ್ಕ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು.

ಕೆಳಗೆ ಎದ್ದ ಕೂಗಿಗೆ ಕ್ವಾರಿಯ ಪಾರಿವಾಳಗಳೆಲ್ಲ ಹಾರಿಹೋದವು. ಮೀಟರಣ್ಣ ಹಿಂದಿನ ಕಾಲುದಾರಿಯಲ್ಲಿ, ಮೂವತ್ತೊಂದು ವರ್ಷ ಬಗ್ಗಿದ ಬೆನ್ನನ್ನು ಮತ್ತೆ ಬಗ್ಗಿಸಿಕೊಂಡು, ಏದುಸಿರು ಬಿಡುತ್ತ ಹತ್ತಿದ. ಅವನ ಹಿಂದೆ ತಮ್ಮ, ತಮ್ಮನ ಹಿಂದೆ ಮೊಣಕೈ, ಮೊಣಕೈಯ ಹಿಂದೆ ಅರ್ಧ ಕ್ಲಬ್ಬು.

"ನೋಡ್ರಪ್ಪ ನಿಂತಿರೋ ಠೀವಿ," ಎಂದ ತಮ್ಮ ದಾರಿಯುದ್ದಕ್ಕೂ. "ನಮ್ಮಕ್ಕ!"

ಮೇಲೆ ಗಾಳಿ ಬೀಸುತ್ತಿತ್ತು. ಊರು ಕೆಳಗೆ, ಸೀಮೆಸುಣ್ಣದಲ್ಲಿ ಗೆರೆ ಎಳೆದ ಬಟ್ಟೆಯಂತೆ ಹರಡಿಕೊಂಡಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಬಂದವರನ್ನು ಕಂಡೂ ಕೈ ಸೊಂಟದಿಂದ ತೆಗೆಯಲಿಲ್ಲ. ಗಂಡನ ಮುಖ ನೋಡಿ ನಕ್ಕಳು.

ಮೊಣಕೈ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. "ಮೇಡಂ, ಒಂದು ಮಾತು ಕೇಳಲೇಬೇಕು. ಹನ್ನೆರಡು ವರ್ಷದಿಂದ ನಾನು ಆ ತಿರುವಲ್ಲಿ ಎದ್ದು ನಿಂತಿದೀನಿ, ಬಿದ್ದಿದೀನಿ. ಎದ್ದು ನಿಲ್ಲಿ ಅಂತ ನಿಮಗೂ ಹೇಳ್ಕೊಟ್ಟೆ. ನೀವು ಕೂತೇ ಇದ್ರಿ. ಒಂದು ಚೂರೂ ನಿಧಾನ ಮಾಡ್ಲಿಲ್ಲ. ಅಲ್ಲಿ ಕೂರಬೇಕು ಅಂತ ನಿಮಗೆ ಹೇಗೆ ಹೊಳೀತು? ಆ ಕ್ಷಣದಲ್ಲಿ ಮನಸ್ಸಲ್ಲಿ ಏನಿತ್ತು?"

ಅರ್ಧ ಕ್ಲಬ್ಬು ಒಂದು ಹೆಜ್ಜೆ ಮುಂದೆ ಬಂತು.

"ಪ್ಯಾಂಟು ಜಾರ್ತಿತ್ತು ಕಣಪ್ಪ," ಎಂದಳು ಅರ್ಧಬೆರಳಕ್ಕ. "ಎದ್ದಿದ್ರೆ ಅದು ಅಲ್ಲೇ ಉಳ್ಕೊಳ್ತಿತ್ತು. ಬೇಗ ಮೇಲೆ ಬಂದ್ರೆ ಕೈ ಖಾಲಿಯಾಗುತ್ತೆ, ಹಿಡ್ಕೋಬಹುದು ಅಂತ ಬಂದ್ಬಿಟ್ಟೆ. ರೀ, ಆ ಡಬ್ಬಿ ತಂದಿದೀರಾ? ಎರಡು ಪಿನ್ ಕೊಡಿ."